ಕುಂಬಳಕಾಯಿ ಮೇಷ್ಟ್ರು

‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಯಾರು? ಪರೀಕ್ಷೆಯಲ್ಲಿ ಈ ಗಾದೆಯನ್ನು ವಿಸ್ತರಿಸಿ ಬರೆಯಲು ಕೊಟ್ಟರೆ ಮಕ್ಕಳು ತಪ್ಪು ಮಾಡಿದವನ ಮನಸ್ಸಿನ ಅಳುಕಿನ ಬಗ್ಗೆ ಹದಿನೈದು ಸಾಲು ಬರೆದು ಅಂಕ ಗಿಟ್ಟಿಸಿಕೊಳ್ಳುತ್ತಾರೆ. ಆದರೆ ಆ ಕಳ್ಳ ಹೆಗಲನ್ನೇ ಏಕೆ ಮುಟ್ಟಿಕೊಂಡ, ತಲೆಯನ್ನೋ ಕಂಕುಳನ್ನೋ ಏಕೆ ಮುಟ್ಟಿಕೊಳ್ಳಲಿಲ್ಲ ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಮನೆಗೆ ಬಂದು ಕೇಳಿದರೆ ಅಪ್ಪ ಅಮ್ಮನೂ ಮುಖ ಮುಖ ನೋಡಿಕೊಳ್ಳುವುದುಂಟು.

ಉತ್ತರ ಹಿತ್ತಲಲ್ಲಿದೆ. ಬಲಿತ ಬೂದುಗುಂಬಳದ ಸಿಪ್ಪೆಯ ಮೇಲೆ ಬಿಳಿಯ ಪುಡಿ ಬಳಿದಂತೆ ಇರುತ್ತದೆ. ಅದು ಒಲೆಯ ಬೂದಿಯಲ್ಲ, ರಸ್ತೆಯ ಧೂಳೂ ಅಲ್ಲ. ಕಾಯಿ ತಾನೇ ಹೊರಸೂಸಿದ ಮೇಣ. ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವ ಹೊದಿಕೆ ಅದು. ಬಲಿತ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೆಡದೆ ಕೂರುವುದರಲ್ಲಿ ಈ ಹೊದಿಕೆಗೂ ಪಾಲಿದೆ. ಮುಟ್ಟಿದರೆ ಕೈಗೆ ಹತ್ತುತ್ತದೆ. ಹೆಗಲ ಮೇಲೆ ಹೊತ್ತರೆ ಹೆಗಲಿಗೆ ಹತ್ತುತ್ತದೆ. ಕತ್ತಲಲ್ಲಿ ಕದ್ದವನಿಗೆ ತನ್ನ ಹೆಗಲ ಮೇಲೆ ಸಾಕ್ಷಿ ಅಂಟಿಕೊಂಡಿದೆಯೋ ಇಲ್ಲವೋ ಕಾಣದು. ಹಗಲಲ್ಲಿ ಯಾರೋ ಕೂಗಿದೊಡನೆ ಕೈ ತಾನಾಗಿ ಅಲ್ಲಿಗೆ ಹೋಯಿತು. ಗಾದೆ ಕಟ್ಟಿದ ಹಿರಿಯರು ನೀತಿ ಹೇಳುವ ಮೊದಲು ಕಾಯನ್ನು ಚೆನ್ನಾಗಿ ನೋಡಿದ್ದರು.

ಇದನ್ನು ಐದು ವರ್ಷದ ಮಗುವೂ ಪರೀಕ್ಷಿಸಬಹುದು. ಒಂದು ಕಪ್ಪು ಬಟ್ಟೆಯ ತುಂಡು, ಒಂದು ಬೂದುಗುಂಬಳ, ಒಂದು ಸಿಹಿಗುಂಬಳ ಇದ್ದರೆ ಸಾಕು. ಬಟ್ಟೆಯನ್ನು ಎರಡರ ಮೇಲೂ ಉಜ್ಜಿ ನೋಡಿದಾಗ ಯಾವ ಕಾಯಿಯ ಕಳ್ಳ ಸುಲಭವಾಗಿ ಸಿಕ್ಕಿಬೀಳುತ್ತಾನೆಂಬುದು ಗೊತ್ತಾಗುತ್ತದೆ. ಹೀಗೆ ಉಜ್ಜಿ ನೋಡಿದ ಮಗು ಮುಂದೆ ಏಳನೆಯ ತರಗತಿಯಲ್ಲಿ ಅದೇ ಗಾದೆಯನ್ನು ವಿಸ್ತರಿಸುವಾಗ ಗೈಡು ಹುಡುಕುವುದಿಲ್ಲ.

ಈಗ ಮಕ್ಕಳು ಕುಂಬಳಕಾಯಿಯನ್ನು ಮೊದಲು ನೋಡುವುದು ಹಿತ್ತಲಲ್ಲಿ ಅಲ್ಲ, ಚಾರ್ಟಿನಲ್ಲಿ. ‘ಪಿ ಫಾರ್ ಪಂಪ್‌ಕಿನ್’ ಎಂಬ ಬರಹದ ಪಕ್ಕದಲ್ಲಿ ಕಿತ್ತಳೆ ಹಣ್ಣಿನ ಬಣ್ಣದ, ಉಬ್ಬು ಪಕ್ಕೆಗಳ, ಹಸಿರು ತೊಟ್ಟಿನ ಚಿತ್ರ. ಅದು ಅಮೆರಿಕದ ಹೊಲಗಳಲ್ಲಿ ಅಕ್ಟೋಬರ್ ತಿಂಗಳಲ್ಲಿ ಕಾಣುವ ತಳಿ. ಅದರ ಮೇಲೆ ಯಾರಿಗೂ ದ್ವೇಷವಿಲ್ಲ. ಆದರೆ ನಂಜನಗೂಡಿನ ಸಂತೆಯಲ್ಲಾಗಲಿ ಹುಬ್ಬಳ್ಳಿಯ ಮಾರುಕಟ್ಟೆಯಲ್ಲಾಗಲಿ ರಾಶಿ ಬಿದ್ದಿರುವ ಸಿಹಿಗುಂಬಳ ಹೆಚ್ಚಾಗಿ ಆ ಬಣ್ಣದ್ದಲ್ಲ. ಎಳೆಯದು ಕಡುಹಸಿರು, ಮೇಲೆ ತಿಳಿ ಮಚ್ಚೆಗಳು. ಬಲಿತು ಹಣ್ಣಾದಾಗ ಮಾಸಲು ಕಂದು. ಕಿತ್ತಳೆ ಬಣ್ಣವೆಲ್ಲ ಒಳಗೆ, ತಿರುಳಿನಲ್ಲಿ.

ಮೈಸೂರು ಕಡೆಯ ಒಂದು ಪಟ್ಟಣದ ಮನೆಯಲ್ಲಿ ಈ ಬಣ್ಣದ ವಿಷಯಕ್ಕೇ ಒಂದು ಸಣ್ಣ ದುಃಖ ನಡೆಯಿತು. ಒಂದನೆಯ ತರಗತಿಯ ಹುಡುಗಿಯೊಬ್ಬಳಿಗೆ ಶಾಲೆಯಲ್ಲಿ ಕುಂಬಳಕಾಯಿಯ ಚಿತ್ರಕ್ಕೆ ಬಣ್ಣ ತುಂಬಲು ಹಾಳೆ ಕೊಟ್ಟರು. ರಜೆಯಲ್ಲಿ ಅಜ್ಜಿಯ ಊರಿಗೆ ಹೋಗಿ ಬಂದಿದ್ದವಳು ತಾನು ಕಂಡಂತೆಯೇ ಹಸಿರು ಬಳಿದು, ಮೇಲೆ ಅಲ್ಲಲ್ಲಿ ಹಳದಿ ಚುಕ್ಕೆ ಇಟ್ಟಳು. ಹಾಳೆ ವಾಪಸು ಬಂದಾಗ ಅದರ ಮೇಲೆ ಕೆಂಪು ಶಾಯಿಯ ಅಡ್ಡಗೀಟು, ಪಕ್ಕದಲ್ಲಿ ‘ಆರೆಂಜ್’ ಎಂಬ ತಿದ್ದುಪಡಿ. ಹುಡುಗಿ ಅಳಲಿಲ್ಲ, ಗಲಾಟೆ ಮಾಡಲಿಲ್ಲ. ಆದರೆ ಅಂದಿನಿಂದ ಪ್ರತಿ ಬಣ್ಣದ ಕಡ್ಡಿ ಎತ್ತುವ ಮೊದಲೂ, “ಅಮ್ಮಾ, ಇದಕ್ಕೆ ಯಾವ ಬಣ್ಣ?” ಎಂದು ಕೇಳತೊಡಗಿದಳು. ಕಾಗೆಗೆ ಯಾವ ಬಣ್ಣ ಎಂದೂ ಕೇಳಿದಳು, ಕಿಟಕಿಯಾಚೆ ಕಾಗೆ ಕುಳಿತಿರುವಾಗಲೇ.

ಒಂದು ಅಂಕ ಹೋದರೆ ನಾಳೆ ಬರುತ್ತದೆ. ತನ್ನ ಕಣ್ಣನ್ನೇ ನಂಬದ ಮಗುವಿಗೆ ವಿಜ್ಞಾನ ಕಲಿಸುವುದು ಮಾತ್ರ ಬಲು ಕಷ್ಟ. ಪಾಠ ಹೇಳಿದ ಮೇಷ್ಟ್ರುಗಳಿಗೆಲ್ಲ ಇದು ಗೊತ್ತು: ಹತ್ತನೆಯ ತರಗತಿಯ ಪ್ರಯೋಗಾಲಯದಲ್ಲಿ ದ್ರಾವಣ ಯಾವ ಬಣ್ಣಕ್ಕೆ ತಿರುಗಿತು ಎಂದು ಕೇಳಿದರೆ ಪ್ರನಾಳವನ್ನು ಬಿಟ್ಟು ಪಕ್ಕದವನ ಪುಸ್ತಕವನ್ನು ನೋಡುವ ಹುಡುಗರು ಇಂಥ ಹಾಳೆಗಳಿಂದಲೇ ತಯಾರಾಗುತ್ತಾರೆ.

ಇನ್ನೊಂದು ಬಗೆಯ ಅನ್ಯಾಯವೂ ಇದೆ. ಸಂಜೆ ಏಳಕ್ಕೆ ಶಾಲೆಯಿಂದ ಮೊಬೈಲಿಗೆ ಸಂದೇಶ ಬರುತ್ತದೆ: ನಾಳೆ ಮಗು ಕುಂಬಳಕಾಯಿಯ ಕರಕುಶಲ ವಸ್ತು ತರಬೇಕು. ಅಪ್ಪ ಮುಚ್ಚುತ್ತಿರುವ ಸ್ಟೇಷನರಿ ಅಂಗಡಿಗೆ ಓಡುತ್ತಾರೆ. ಹೊಳೆಯುವ ಕಾಗದ, ಥರ್ಮೊಕೋಲು, ಅಂಟು ಬರುತ್ತವೆ. ಅಮ್ಮ ಹನ್ನೊಂದು ಗಂಟೆಯವರೆಗೆ ಕತ್ತರಿಸಿ ಅಂಟಿಸುತ್ತಾರೆ. ಮಗು ಒಂಬತ್ತಕ್ಕೇ ಮಲಗಿರುತ್ತದೆ. ಮರುದಿನ ಬಹುಮಾನ ಅಮ್ಮನಿಗೆ ಬರಬೇಕಾದದ್ದು, ಮಗುವಿನ ಅಂಗಿಗೆ ನಕ್ಷತ್ರವಾಗಿ ಅಂಟುತ್ತದೆ. ಇದರಲ್ಲಿ ತಾಯಿಯ ತಪ್ಪು ಹುಡುಕುವುದು ಬೇಡ. ಉಳಿದ ಮಕ್ಕಳ ಕೈಯಲ್ಲಿ ಅಂದದ ವಸ್ತುವಿದ್ದು ತನ್ನ ಮಗುವಿನ ಕೈಯಲ್ಲಿ ಸೊಟ್ಟಗಿನದು ಇದ್ದರೆ ಯಾವ ತಾಯಿಗೂ ಸಂಕಟವೇ. ಆದರೆ ಸೊಟ್ಟಗಿನದೇ ಮಗುವಿನದು.

ಮೇಲೆ ಹೇಳಿದ ಹುಡುಗಿಯ ಮನೆಗೆ ಸ್ವಲ್ಪ ದಿನಗಳ ನಂತರ ಊರಿನಿಂದ ಅಜ್ಜಿ ಬಂದರು. ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ಬಂದದ್ದು ಒಂದು ಸಿಹಿಗುಂಬಳ. ಹುಡುಗಿ, ಅವಳ ನಾಲ್ಕು ವರ್ಷದ ತಮ್ಮ, ಇಬ್ಬರೂ ಅದರ ಸುತ್ತ ಕುಳಿತರು. ಅಜ್ಜಿಗೆ ಬಿ.ಇಡಿ. ಎಂದರೇನೆಂದು ಗೊತ್ತಿಲ್ಲ. ಆದರೆ ಎರಡು ದಿನ ಆ ಮನೆಯಲ್ಲಿ ನಡೆದದ್ದನ್ನು ಯಾವ ಶಿಕ್ಷಣ ತರಬೇತಿ ಕಾಲೇಜೂ ಪಾಠ ಯೋಜನೆಯೆಂದು ಒಪ್ಪಿಕೊಳ್ಳಬಹುದು.

ಮೊದಲು ತೂಕ. “ಎಷ್ಟು ಕೆ.ಜಿ. ಇರಬಹುದು ಹೇಳಿ ನೋಡೋಣ” ಎಂದರು ಅಜ್ಜಿ. ಹುಡುಗ “ನೂರು” ಎಂದ. ಹುಡುಗಿ ಎರಡೂ ಕೈಯಲ್ಲಿ ಎತ್ತಿ ನೋಡಿ, ಆಮೇಲೆ ಒಂದು ಕಿಲೋ ಸಕ್ಕರೆಯ ಪೊಟ್ಟಣ ಎತ್ತಿ ನೋಡಿ “ಐದು” ಎಂದಳು. ಮೂಲೆಯ ಅಂಗಡಿಯ ತಕ್ಕಡಿಯಲ್ಲಿ ನಾಲ್ಕೂಕಾಲು ಬಂತು. ಯಾರೂ ತಪ್ಪು ಎನ್ನಲಿಲ್ಲ. ಊಹಿಸುವುದು, ಆಮೇಲೆ ಅಳೆಯುವುದು, ಊಹೆ ಎಷ್ಟು ದೂರ ಇತ್ತು ಎಂದು ನೋಡುವುದು — ಈ ಮೂರು ಹೆಜ್ಜೆಗಳನ್ನು ಕಲಿತ ಮಗುವಿಗೆ ಉಳಿದ ಗಣಿತ ಅಷ್ಟೊಂದು ಭಯ ಹುಟ್ಟಿಸುವುದಿಲ್ಲ.

ಆಮೇಲೆ ದಾರ. ಕಾಯಿಯ ಹೊಟ್ಟೆಗೆ ಒಂದು ಸುತ್ತು ದಾರ ಸುತ್ತಿ ಕತ್ತರಿಸಿ, ಅದನ್ನು ಕಾಯಿಯ ಅಡ್ಡಗಲಕ್ಕೆ ಹಿಡಿದರೆ ಎಷ್ಟು ಸಲ ಬರುತ್ತದೆ? ಮೂರು ಸಲ ಬಂದು ತುಸು ಉಳಿಯುತ್ತದೆ. ಬಳೆಗೂ ಹಾಗೆಯೇ, ತಟ್ಟೆಗೂ ಹಾಗೆಯೇ. ಈ ‘ತುಸು’ವಿಗೆ ದೊಡ್ಡ ತರಗತಿಯಲ್ಲಿ ಒಂದು ಹೆಸರಿದೆ, ಆರು ವರ್ಷಕ್ಕೆ ಆ ಹೆಸರು ಬೇಕಿಲ್ಲ. ದುಂಡಗಿರುವ ಎಲ್ಲದರಲ್ಲೂ ಅದೇ ತುಸು ಉಳಿಯುತ್ತದೆಂಬ ಬೆರಗು ಸಾಕು.

ಬಚ್ಚಲಿನ ದೊಡ್ಡ ಟಬ್ಬಿಗೆ ನೀರು ತುಂಬಿದಾಗ ನಿಜವಾದ ಗದ್ದಲ ಶುರುವಾಯಿತು.

“ಅಜ್ಜೀ, ಇದು ಮುಳುಗುತ್ತಾ?”

“ನನ್ನ ಯಾಕೆ ಕೇಳ್ತೀಯೇ ಪುಟ್ಟೀ, ಹಾಕಿ ನೋಡು.”

ಎಂಟಾಣೆಯಷ್ಟು ದೊಡ್ಡ ಕಲ್ಲು ಮುಳುಗಿತು. ಎತ್ತಲು ಆಗದಷ್ಟು ಭಾರದ ಕುಂಬಳಕಾಯಿ ತೇಲಿತು. ಭಾರದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ ಎಂದು ಬಾಯಿಪಾಠ ಮಾಡಿದ ಅಣ್ಣ ಅಕ್ಕಂದಿರಿಗೆ ಈ ದೃಶ್ಯವನ್ನು ತೋರಿಸಬೇಕು. ಕಾಯಿಯ ಒಳಗೆ ಟೊಳ್ಳು, ಟೊಳ್ಳಿನಲ್ಲಿ ಗಾಳಿ. ಅದು ಆಕ್ರಮಿಸುವ ಜಾಗದಷ್ಟು ನೀರಿನ ತೂಕಕ್ಕಿಂತ ಅದರ ತೂಕ ಕಡಿಮೆ. ಹಿಂದೆ ಹಳ್ಳಿಯ ಹುಡುಗರು ಬಾವಿಯಲ್ಲಿ ಈಜು ಕಲಿಯುವಾಗ ಒಣಗಿದ ಸೋರೆ ಬುರುಡೆಯನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದುದರ ಗುಟ್ಟೂ ಇದೇ. ವೀಣೆಗೆ ಬುರುಡೆ, ತಂಬೂರಿಗೆ ಬುರುಡೆ. ಕುಂಬಳದ ಈ ಬಂಧುವಿನ ಟೊಳ್ಳು ನೀರಿನಲ್ಲಿ ತೇಲಿಸಿತು, ಸಂಗೀತದಲ್ಲಿ ಮೊಳಗಿಸಿತು.

ಅಜ್ಜಿಯೊಬ್ಬಳು ಕುಂಬಳಕಾಯಿಯೊಳಗೆ ಕುಳಿತು ಉರುಳುತ್ತಾ ಹುಲಿ ಕರಡಿಗಳನ್ನು ಏಮಾರಿಸಿ ಮನೆ ಸೇರಿದ ಕಥೆ ಮರಾಠಿ ಮನೆಗಳಲ್ಲಿ ಬಹಳ ಪ್ರಸಿದ್ಧ. ಬಂಗಾಳದಲ್ಲಿ ಅದೇ ಕಥೆಯಲ್ಲಿ ಸೋರೆಕಾಯಿ ಉರುಳುತ್ತದೆ. ಈ ಕಥೆ ಹೇಳಿ ಮುಗಿಸಿದ ಮೇಲೆ ಒಂದು ಹಲಗೆಯನ್ನು ಓರೆಯಾಗಿಟ್ಟು ಕಾಯಿ ನಿಜಕ್ಕೂ ಉರುಳುತ್ತದೆಯೇ ಎಂದು ನೋಡುವುದರಲ್ಲಿ ಮಕ್ಕಳಿಗೆ ಕಥೆಗಿಂತ ಹೆಚ್ಚು ಸುಖ. ಚಪ್ಪಟೆ ಕುಂಬಳ ನೇರವಾಗಿ ಉರುಳದು, ಬಾಗಿ ತಿರುಗಿ ಗೋಡೆಗೆ ಹೋಗಿ ನಿಲ್ಲುತ್ತದೆ. ಕಥೆಯ ಅಜ್ಜಿ ಮನೆ ತಲುಪಿದ್ದು ಹೇಗೆ ಎಂಬ ಪ್ರಶ್ನೆಯನ್ನು ಆ ಪುಟ್ಟ ಹುಡುಗ ಕೇಳಿಯೇಬಿಟ್ಟ.

ಕತ್ತರಿಸುವ ಕೆಲಸ ದೊಡ್ಡವರದೇ. ಇದರಲ್ಲಿ ರಾಜಿ ಬೇಡ. ಬಲಿತ ಕುಂಬಳದ ಸಿಪ್ಪೆ ಗಟ್ಟಿ. ಉಗುರಿನಿಂದ ಒತ್ತಿದರೆ ಒಳಗೆ ಇಳಿಯುವುದಿಲ್ಲ. ಕಾಯಿ ಬಲಿತಿದೆಯೇ ಎಂದು ತಿಳಿಯಲು ಮಗು ಉಗುರೊತ್ತಿ ನೋಡಲಿ, ಬೆರಳಿನಿಂದ ಕುಟ್ಟಿ ಶಬ್ದ ಕೇಳಲಿ; ಚಾಕು, ಈಳಿಗೆಮಣೆ ಮಾತ್ರ ಅಜ್ಜಿಯ ಅಥವಾ ಅಮ್ಮನ ಕೈಯಲ್ಲಿರಲಿ. ಎರಡು ಹೋಳಾದ ಮೇಲೆ ಕೈ ಹಾಕುವ ಹಕ್ಕು ಮಕ್ಕಳದು. ತಣ್ಣಗೆ ಜಾರುವ ನಾರು, ಅದರಲ್ಲಿ ಸಿಕ್ಕಿಕೊಂಡ ಬೀಜ, ಹಸಿ ವಾಸನೆ. “ಥೂ” ಎಂದ ಮಗು ಐದು ನಿಮಿಷದಲ್ಲಿ ಮೊಣಕೈವರೆಗೂ ಇಳಿದಿರುತ್ತದೆ. ಕುಳಿತಲ್ಲಿಂದ ಏಳದೆ ಬೀಜದ ಸಾಲುಗಳು ಎಷ್ಟು ಗುಂಪಾಗಿವೆ ಎಂದು ನೋಡಿಸಬಹುದು, ಸಾಮಾನ್ಯವಾಗಿ ಮೂರು.

ಬೀಜ ಎಷ್ಟಿರಬಹುದು? ಹುಡುಗಿ ಐವತ್ತು ಎಂದಳು, ತಮ್ಮ ಮತ್ತೆ ನೂರು ಎಂದ (ಅವನಿಗೆ ಗೊತ್ತಿದ್ದ ದೊಡ್ಡ ಸಂಖ್ಯೆ ಅದೊಂದೇ), ಅಜ್ಜಿ ಮುನ್ನೂರು ಎಂದರು. ತೊಳೆದ ಬೀಜಗಳನ್ನು ಹುಡುಗಿ ಒಂದೊಂದಾಗಿ ಎಣಿಸಹೊರಟಳು. ಅರವತ್ತರ ಹತ್ತಿರ ತಮ್ಮ ಏನೋ ಕೇಳಿದ, ಲೆಕ್ಕ ತಪ್ಪಿತು. ಮತ್ತೆ ಶುರು, ಮತ್ತೆ ತಪ್ಪಿತು. ಆಗ ಅಜ್ಜಿ ಹತ್ತರ ಒಂದು ಗುಡ್ಡೆ ಮಾಡಿಟ್ಟು ಸುಮ್ಮನಾದರು. ಹುಡುಗಿಗೆ ಹೊಳೆಯಿತು. ಹತ್ತರ ಗುಡ್ಡೆಗಳು, ಹತ್ತು ಗುಡ್ಡೆ ಸೇರಿದರೆ ಒಂದು ಬಟ್ಟಲಿಗೆ. ಕೊನೆಯಲ್ಲಿ ಮೂರು ಬಟ್ಟಲು ತುಂಬಿದವು, ನಾಲ್ಕು ಗುಡ್ಡೆ ಉಳಿದವು, ಎರಡು ಬಿಡಿ ಬೀಜ. ಅದನ್ನು ಹಾಗೆಯೇ ಬರೆದರೆ 342. ಬಿಡಿ, ಹತ್ತು, ನೂರು ಎಂದು ಹಲಗೆಯ ಮೇಲೆ ಮನೆ ಮಾಡಿ ವರ್ಷವೆಲ್ಲ ಹೇಳಿಕೊಡುವುದನ್ನು ಬೆರಳು ಒಂದು ಮಧ್ಯಾಹ್ನದಲ್ಲಿ ಕಲಿಯಿತು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳು ಮನೆಯಲ್ಲಿದ್ದರೆ ಮಾತ್ರ ಕಣ್ಣಿಟ್ಟಿರಬೇಕು. ಬೀಜ ಮೂಗಿಗೋ ಕಿವಿಗೋ ಸೇರಿದರೆ ಆಟ ಆಸ್ಪತ್ರೆಯಲ್ಲಿ ಮುಗಿಯುತ್ತದೆ.

ಬೀಜವನ್ನು ಮೊರದಲ್ಲಿ ಹರಡಿ ಒಣಗಿಸಿದರೆ ಕೈಕೆಲಸಕ್ಕೆ ಅಂಗಡಿಯ ಸಾಮಾನು ಬೇಕಾಗುವುದಿಲ್ಲ. ಅರಿಸಿನದ ನೀರಿನಲ್ಲಿ ಒಂದು ಹಿಡಿ, ಬೀಟ್‌ರೂಟ್ ರಸದಲ್ಲಿ ಒಂದು ಹಿಡಿ, ಬಟ್ಟೆಗೆ ಹಾಕುವ ನೀಲಿಯಲ್ಲಿ ಒಂದು ಹಿಡಿ ನೆನೆಸಿ ಒಣಗಿಸಿದರೆ ಮೂರು ಬಣ್ಣ ಸಿದ್ಧ. ಅರಿಸಿನದ ನೀರಿಗೆ ದೊಡ್ಡವರು ಒಂದು ಚಿಟಿಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಆರತಿಯ ಓಕುಳಿ ಹೀಗೆಯೇ ಆಗುವುದು. ಮುಂದೆ ಆಮ್ಲ ಪ್ರತ್ಯಾಮ್ಲ ಎಂಬ ಪಾಠ ಬಂದಾಗ ಮಗುವಿಗೆ ಈ ಬಟ್ಟಲು ನೆನಪಾದೀತು. ಹಳೆಯ ಮದುವೆಯ ಕರೆಯೋಲೆಯ ಹಿಂಬದಿಗೆ ಮೈದಾ ಅಂಟು ಬಳಿದು ಬೀಜ ಜೋಡಿಸಿದರೆ ನವಿಲೋ ಮೀನೋ ಆಗುತ್ತದೆ. ಏನೂ ಆಗದಿದ್ದರೂ ನಡೆಯುತ್ತದೆ.

ಕಾಯಿಯ ತೊಟ್ಟನ್ನು ಎಸೆಯಬಾರದು. ಸಿಹಿಗುಂಬಳದ ತೊಟ್ಟು ದುಂಡಗಿಲ್ಲ, ಐದು ಮೂಲೆಯದು. ದೊಡ್ಡವರು ಅದನ್ನು ಅಡ್ಡಕ್ಕೆ ಕತ್ತರಿಸಿಕೊಟ್ಟರೆ ಬಣ್ಣದಲ್ಲಿ ಅದ್ದಿ ಕಾಗದದ ಮೇಲೆ ಒತ್ತಬಹುದು. ಅಚ್ಚು ಒಂದು ನಕ್ಷತ್ರದಂತೆ ಬೀಳುತ್ತದೆ. ಬಳ್ಳಿಯಲ್ಲಿ ಹೂವು ಅರಳಿದಾಗ ಅದಕ್ಕೂ ಐದೇ ಎಸಳು ಎಂಬುದನ್ನು ಮಗು ತಾನೇ ಬಂದು ಹೇಳುವವರೆಗೆ ಕಾಯಬೇಕು. ಹೇಳಿಕೊಟ್ಟರೆ ಆ ಸಂತೋಷ ಹೋಯಿತು.

ಕಾಗದದ ಕುಂಬಳಕಾಯಿ ಬೇಕೇ ಬೇಕೆಂದರೆ ಅದಕ್ಕೂ ಥರ್ಮೊಕೋಲು ಬೇಡ. ಹಳೆಯ ಪತ್ರಿಕೆಯಿಂದ ಒಂದಂಗುಲ ಅಗಲದ, ಗೇಣುದ್ದದ ಹತ್ತು ಪಟ್ಟಿಗಳು. (ಓದಿ ಮುಗಿಸಿದ ಮೇಲೆ ಈ ಪುರವಣಿಯನ್ನೇ ಕತ್ತರಿಸಿದರೂ ಆಕ್ಷೇಪಣೆ ಇಲ್ಲ.) ಒಂದರ ಮೇಲೊಂದು ಇಟ್ಟು ಎರಡೂ ತುದಿಗಳಲ್ಲಿ ತೂತು ಮಾಡಿ ದಾರ ಪೋಣಿಸಿ, ದಾರವನ್ನು ಎಳೆದು ಪಟ್ಟಿಗಳನ್ನು ಸುತ್ತಲೂ ಹರಡಿದರೆ ಉಬ್ಬಿದ ಚೆಂಡಾಗುತ್ತದೆ. ಶಾಲೆಯ ಭೂಗೋಳದ ಮೇಲೆ ಧ್ರುವದಿಂದ ಧ್ರುವಕ್ಕೆ ಎಳೆದ ಗೆರೆಗಳೂ ಹೀಗೆಯೇ ಮಧ್ಯದಲ್ಲಿ ದೂರವಾಗಿ ತುದಿಗಳಲ್ಲಿ ಸೇರುತ್ತವೆ. ನಾಲ್ಕು ವರ್ಷದ ಕೈ ಮಾಡಿದ ಚೆಂಡು ಓರೆಯಾಗಿರುತ್ತದೆ. ಇರಲಿ.

ಬಳ್ಳಿ ಇರುವ ಹಳ್ಳಿಯ ಮಕ್ಕಳಿಗೆ ಇದೆಲ್ಲಕ್ಕಿಂತ ಒಳ್ಳೆಯ ಆಟಿಕೆ ಎಲೆಯ ದಂಟು. ಕುಂಬಳದ ಎಲೆಯ ದಂಟು ಕೊಳವೆಯಂತೆ ಟೊಳ್ಳು. ಮೇಲಿನ ಸುಂಕನ್ನು ಬಟ್ಟೆಯಿಂದ ಒರೆಸಿ, ಎಲೆಯ ಕಡೆಯ ಮುಚ್ಚಿದ ತುದಿಯನ್ನು ಹಾಗೆಯೇ ಬಿಟ್ಟು, ಅದರ ಸ್ವಲ್ಪ ಕೆಳಗೆ ಉದ್ದಕ್ಕೆ ಒಂದು ಸೀಳು ಮಾಡಿ, ಆ ತುದಿಯನ್ನು ಬಾಯಲ್ಲಿಟ್ಟು ಊದಿದರೆ ಪೀಪಿ. ಸೀಳಿನ ಎರಡು ಅಂಚುಗಳು ಕಂಪಿಸಿ ಸ್ವರ ಹೊರಡುತ್ತದೆ. ಉದ್ದ ದಂಟಿನದು ದಪ್ಪ ಸ್ವರ, ಮೋಟು ದಂಟಿನದು ಕೀರಲು ಸ್ವರ. ನಾಲ್ಕು ಹುಡುಗರು ನಾಲ್ಕು ಅಳತೆಯ ಪೀಪಿ ಹಿಡಿದರೆ ಅಕ್ಕಪಕ್ಕದವರು ಬೈಯುವಷ್ಟು ದೊಡ್ಡ ವಾದ್ಯಗೋಷ್ಠಿ. ಕಾಲೇಜಿನ ಭೌತವಿಜ್ಞಾನದ ವಾಯುಸ್ತಂಭದ ಪ್ರಯೋಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸದ್ದಿನದು ಮಾತ್ರ.

ಎಣಿಸಿದ ಬೀಜಗಳಲ್ಲಿ ಆರನ್ನು ನೆಡಲು ತೆಗೆದಿಡಬೇಕು. ಮೂರನ್ನು ಮಣ್ಣಿನಲ್ಲಿ ಅಡ್ಡ ಮಲಗಿಸಿ, ಇನ್ನು ಮೂರನ್ನು ಚೂಪು ತುದಿ ಕೆಳಗಾಗಿ ನೆಟ್ಟಗೆ ನಿಲ್ಲಿಸಿ ನೆಡಬೇಕು. ಸುಮಾರು ಒಂದು ವಾರದಲ್ಲಿ ಮೊಳಕೆ ಕಾಣುತ್ತದೆ. ಮಲಗಿದ್ದ ಬೀಜದ ಮೊಳಕೆಗೆ ಬೇರು ಶುರುವಾಗುವ ಜಾಗದಲ್ಲಿ, ಕೆಳಬದಿಗೆ, ಒಂದು ಚಿಕ್ಕ ಗೂಟ ಮೂಡುತ್ತದೆ. ಅದು ಬೀಜದ ಸಿಪ್ಪೆಯ ಕೆಳಹೋಳನ್ನು ಒತ್ತಿ ಹಿಡಿದುಕೊಳ್ಳುತ್ತದೆ. ಬಾಗಿದ ಕಾಂಡ ನೆಟ್ಟಗಾಗುತ್ತಾ ಎರಡು ಎಲೆಗಳನ್ನು ಸಿಪ್ಪೆಯೊಳಗಿಂದ ಎಳೆದುಕೊಳ್ಳುತ್ತದೆ. ಕಾಲಿನಿಂದ ಚಪ್ಪಲಿಯ ಹಿಮ್ಮಡಿ ಒತ್ತಿ ಇನ್ನೊಂದು ಕಾಲನ್ನು ಬಿಡಿಸಿಕೊಳ್ಳುವ ಹಾಗೆ. ನೆಟ್ಟಗೆ ನಿಂತ ಬೀಜಕ್ಕೆ ಈ ಹಿಡಿತ ಸರಿಯಾಗಿ ಸಿಗದೆ ಮೊಳಕೆ ಹಲವು ಸಲ ಸಿಪ್ಪೆಯನ್ನೇ ಟೊಪ್ಪಿಯಂತೆ ಹೊತ್ತು ಮೇಲೆ ಬರುತ್ತದೆ. ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್ ಜೊತೆಗೂಡಿ 1880ರಲ್ಲಿ ಪ್ರಕಟಿಸಿದ ಸಸ್ಯ ಚಲನೆಯ ಗ್ರಂಥದಲ್ಲಿ ಕುಂಬಳದ ಈ ಪುಟ್ಟ ಗೂಟದ ಬಗ್ಗೆ ಬರೆದಿದ್ದಾರೆ. ವಿಕಾಸವಾದ ಹೇಳಿ ಜಗತ್ತನ್ನೇ ಅಲುಗಿಸಿದ ಮನುಷ್ಯ ಮುಪ್ಪಿನಲ್ಲಿ ಕುಂಡದ ಮುಂದೆ ಕುಳಿತು ಮಗುವಿನಂತೆ ಮೊಳಕೆ ನೋಡುತ್ತಿದ್ದರು.

ಬಳ್ಳಿ ಹಬ್ಬಿದ ಮೇಲೆ ಕುಡಿಬಳ್ಳಿಗಳ ಸುರುಳಿ ನೋಡಬೇಕು. ಆಸರೆ ಹಿಡಿದ ಸುರುಳಿ ಅರ್ಧದವರೆಗೆ ಒಂದು ದಿಕ್ಕಿಗೆ ಸುತ್ತಿ, ನಡುವೆ ತಿರುವು ತೆಗೆದುಕೊಂಡು, ಉಳಿದರ್ಧ ವಿರುದ್ಧ ದಿಕ್ಕಿಗೆ ಸುತ್ತಿರುತ್ತದೆ. ಎರಡೂ ತುದಿ ಬಿಗಿಯಾದ ದಾರವನ್ನು ನಡುವೆ ಹಿಡಿದು ಹೊಸೆದರೆ ಎರಡು ಪಕ್ಕಕ್ಕೂ ಎದುರುಬದುರು ಹುರಿ ಬೀಳುವುದನ್ನು ಮಕ್ಕಳು ಮಾಡಿ ನೋಡಬಹುದು. ಡಾರ್ವಿನ್ 1865ರಲ್ಲೇ ಬಳ್ಳಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದರು.

ಹೂವಿನ ವಿಷಯಕ್ಕೆ ಬಂದರೆ ಪಟ್ಟಣದ ಅನೇಕ ಮನೆಗಳಲ್ಲಿ ಒಂದೇ ದೂರು: ಬಳ್ಳಿ ತುಂಬಾ ಹೂ ಬಿಡುತ್ತದೆ, ಕಾಯಿ ಮಾತ್ರ ಇಲ್ಲ. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮೊದಲು ಬರುವುದು ಗಂಡು ಹೂಗಳು. ಅವಕ್ಕೆ ಉದ್ದನೆಯ ತೆಳು ತೊಟ್ಟು. ಹೆಣ್ಣು ಹೂವಿನ ಬುಡದಲ್ಲಿ ಹುಟ್ಟುವಾಗಲೇ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತದೆ. ಹೂ ಬೆಳಗಿನ ಜಾವ ಅರಳಿ ಬಿಸಿಲೇರುವ ಹೊತ್ತಿಗೆ ಮುದುಡುತ್ತದೆ. ಅಷ್ಟರಲ್ಲಿ ಜೇನ್ನೊಣ ಬಂದರೆ ಆಯಿತು, ಇಲ್ಲವಾದರೆ ಎಳೆಗಾಯಿ ಹಳದಿಯಾಗಿ ಉದುರುತ್ತದೆ. ಜೇನ್ನೊಣ ಬಾರದ ಮೂರನೆಯ ಮಹಡಿಯ ಕುಂಡದಲ್ಲಿ ಆ ಕೆಲಸವನ್ನು ಮಗುವೇ ಮಾಡಬಹುದು. ಆರೂವರೆಗೆ ಎದ್ದು ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹಳದಿ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಸವರಿದರೆ ಸಾಕು. ಶಾಲೆಯ ಬಸ್ಸಿಗೆ ಎಬ್ಬಿಸಿದರೆ ಏಳದ ಮಗು ಇದಕ್ಕೆ ಏಳುತ್ತದೆ.

ಕಾಯಿ ಕಿತ್ತಳೆ ಗಾತ್ರಕ್ಕಿಂತ ಸ್ವಲ್ಪ ದೊಡ್ಡದಾದಾಗ, ಸಿಪ್ಪೆ ಇನ್ನೂ ಎಳೆಯದಿರುವಾಗ, ಮೊಂಡು ಕಡ್ಡಿಯಿಂದ ಮೇಲ್ಮೈಯನ್ನಷ್ಟೇ ಗೀರಿ ಮಗು ತನ್ನ ಹೆಸರು ಬರೆಯಬಹುದು. ಗಾಯವನ್ನು ಗಿಡ ಬೆಂಡಿನಂಥ ಪದರದಿಂದ ಮುಚ್ಚಿಕೊಳ್ಳುತ್ತದೆ. ಕಾಯಿ ಬೆಳೆದಂತೆ ಅಕ್ಷರಗಳೂ ಉಬ್ಬಿ ಅಗಲವಾಗುತ್ತವೆ. ಅಕ್ಷರ ದೊಡ್ಡದಾಗುವುದನ್ನು ವಾರಕ್ಕೊಮ್ಮೆ ಅಳೆದು ಬರೆದಿಟ್ಟುಕೊಂಡರೆ ಮಗುವಿನ ಮೊದಲ ವಿಜ್ಞಾನದ ದಾಖಲೆ ಪುಸ್ತಕ ಅದೇ. ಆ ಪಟ್ಟಣದ ಮನೆಯ ಹುಡುಗಿಯೂ ಹೀಗೆ ಬರೆದಳು. ಒಂದು ದಿನ ಕಾಯಿಯ ಚಿತ್ರ ಬಿಡಿಸುತ್ತಾ ಯಾರನ್ನೂ ಕೇಳದೆ ಹಸಿರು ಕಡ್ಡಿ ತೆಗೆದುಕೊಂಡಳು. ಮುಂದಿನ ತಿಂಗಳ ಚಿತ್ರದಲ್ಲಿ ಕಂದು ಸೇರಿತು. ಅವಳ ತಾಯಿ ಆ ಹಾಳೆಗಳನ್ನು ಶಾಲೆಗೆ ತೆಗೆದುಕೊಂಡು ಹೋಗಿ ಟೀಚರಿಗೆ ತೋರಿಸಿದರು, ಜಗಳಕ್ಕಲ್ಲ. ಟೀಚರು ಹಾಳೆ ನೋಡಿ ಒಂದು ಕಾಯಿಯನ್ನು ತರಗತಿಗೆ ತರಲಾದೀತೇ ಎಂದು ಕೇಳಿದರಂತೆ.

ಚಾರ್ಟಿನ ಕಿತ್ತಳೆ ಕುಂಬಳದ ಕಥೆಯನ್ನೂ ಮಕ್ಕಳು ತಿಳಿಯಲಿ, ಸರಿಯಾಗಿ ತಿಳಿಯಲಿ. ಸಿಹಿಗುಂಬಳದ ಬಳಗವೆಲ್ಲ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಮೆಕ್ಸಿಕೋದ ಓಹಾಕಾ ಪ್ರಾಂತದ ಗುಹೆಯೊಂದರಲ್ಲಿ ಸಿಕ್ಕ, ಮನುಷ್ಯರು ಬೆಳೆಸಿದ ಕುಂಬಳ ಜಾತಿಯ ಬೀಜಗಳು ಸುಮಾರು 10,000 ವರ್ಷ ಹಳೆಯವು ಎಂದು ಬ್ರೂಸ್ ಸ್ಮಿತ್ 1997ರಲ್ಲಿ ವರದಿ ಮಾಡಿದರು. ಅಲ್ಲಿನ ಮೂಲನಿವಾಸಿಗಳು ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಂದೇ ಪಾತಿಯಲ್ಲಿ ಬೆಳೆದರು. ಜೋಳದ ದಂಟು ಹುರುಳಿಗೆ ಆಸರೆ, ಕುಂಬಳದ ಅಗಲ ಎಲೆ ನೆಲಕ್ಕೆ ನೆರಳು. ಕೊಲಂಬಸನ ನಂತರವೇ ಅದು ಭಾರತಕ್ಕೆ ಬಂದದ್ದು. ಮಲೆನಾಡಿನಲ್ಲಿ ಚೀನಿಕಾಯಿ ಎಂಬ ಹೆಸರಿದ್ದರೂ ಚೀನಾದ್ದಲ್ಲ. ತುಳುವಿನಲ್ಲಿ ಅದು ಕೆಂಬುಡೆ. ಗಾದೆಯ ಬೂದುಗುಂಬಳ ಮಾತ್ರ ಏಷ್ಯಾದ್ದೇ, ಬೇರೆಯೇ ಕುಲದ್ದು.

ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಕಾಯಿ ಕೊರೆದು ದೀಪ ಇಡುವ ಪದ್ಧತಿ ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆಯಿಂದ ಶುರುವಾಯಿತು. ವಲಸೆ ಹೋದವರಿಗೆ ಅಮೆರಿಕದಲ್ಲಿ ಕೊರೆಯಲು ಸುಲಭವಾದ ದೊಡ್ಡ ಕುಂಬಳ ಸಿಕ್ಕಿತು. ಅಲ್ಲಿ ದೈತ್ಯ ಕುಂಬಳಗಳ ಸ್ಪರ್ಧೆಯೂ ನಡೆಯುತ್ತದೆ; 2023ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಯಲ್ಲಿ ತೂಗಿದ ಒಂದು ಕಾಯಿ 1,247 ಕಿಲೋ ಇತ್ತು. ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಈ ಹಬ್ಬದ ವೇಷ ಈಗ ಕಾಣುತ್ತದೆ. ವೇಷ ಹಾಕಲಿ. ಆದರೆ ಅದೇ ಹೊತ್ತಿಗೆ ಬರುವ ಆಯುಧಪೂಜೆಯ ಮರುದಿನ ರಸ್ತೆ ತುಂಬಾ ಒಡೆದು ಬಿದ್ದ ಕುಂಕುಮ ತುಂಬಿದ ಬೂದುಗುಂಬಳದ ಮೇಲೆ ದ್ವಿಚಕ್ರ ವಾಹನಗಳು ಏಕೆ ಜಾರುತ್ತವೆ ಎಂಬ ಪ್ರಶ್ನೆಯೂ ಆ ತರಗತಿಯಲ್ಲಿ ಬರಲಿ. ಒಡೆದ ಹೋಳುಗಳನ್ನು ಬದಿಗೆ ಸರಿಸಬೇಕೆಂದು ಅಪ್ಪನಿಗೆ ಹೇಳುವ ಧೈರ್ಯ ಮಕ್ಕಳಿಗೇ ಹೆಚ್ಚು.

ಚಟುವಟಿಕೆಯಿಂದ ಕಲಿಸುವುದು ಕರ್ನಾಟಕಕ್ಕೆ ಹೊಸದಲ್ಲ. ‘ನಲಿ ಕಲಿ’ 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಆರಂಭವಾಗಿ ನಂತರ ರಾಜ್ಯಕ್ಕೆಲ್ಲ ಹರಡಿತು. ಮೂರರಿಂದ ಎಂಟು ವರ್ಷದವರಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಆಟದ ಮೂಲಕವೇ ಕಲಿಕೆ ಎನ್ನುತ್ತದೆ. ಕಾಗದದಲ್ಲಿ ಕೊರತೆಯಿಲ್ಲ.

ಇನ್ನು ಅಡುಗೆಮನೆ. ತಿರುಳಿನ ಕಿತ್ತಳೆ ಬಣ್ಣಕ್ಕೆ ಕಾರಣವಾದ ಬೀಟಾ ಕ್ಯಾರೋಟಿನ್ ದೇಹದಲ್ಲಿ ‘ಎ’ ಜೀವಸತ್ವವಾಗುತ್ತದೆ, ಕಣ್ಣಿಗೆ ಬೇಕಾದದ್ದು. ಅದು ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು. ಆದ್ದರಿಂದ ಒಗ್ಗರಣೆ ಹಾಕಿದ ಪಲ್ಯ, ಉತ್ತರ ಕರ್ನಾಟಕದ ಬೆಲ್ಲದ ಗಾರಿಗೆ ಎರಡೂ ಸರಿಯೇ. ಬೇಯಿಸುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಬೇಕು. ಕಹಿ ಇದ್ದರೆ ಇಡೀ ಕಾಯನ್ನು ಎಸೆಯುವುದೇ ಲೇಸು. ಕುಂಬಳ ಜಾತಿಯ ಕಹಿ ವಿಷಕಾರಿ.

ಬಿತ್ತಲು ಜೂನ್–ಜುಲೈ ಒಳ್ಳೆಯದು, ನೀರಿದ್ದರೆ ಜನವರಿ–ಫೆಬ್ರವರಿಯೂ ಆದೀತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಅರ್ಕಾ ಚಂದನ್ ಎರಡು ಮೂರು ಕಿಲೋ ತೂಗುತ್ತದೆ. ಅರ್ಕಾ ಸೂರ್ಯಮುಖಿ ಒಂದು ಕಿಲೋದಷ್ಟು, ಮಗು ಎತ್ತಬಲ್ಲ ಕಾಯಿ. ತಳಿಯ ಬೀಜ ಸಿಗದಿದ್ದರೆ ಪಲ್ಯಕ್ಕೆ ತಂದ ಕಾಯಿಯದೇ ಸಾಕು. ಬಿತ್ತಿ ಮೂರೂವರೆಯಿಂದ ನಾಲ್ಕು ತಿಂಗಳಿಗೆ ಕೊಯ್ಲು. ಕೊಯ್ಯುವಾಗ ನಾಲ್ಕು ಬೆರಳಿನಷ್ಟು ತೊಟ್ಟು ಉಳಿಸಿಕೊಳ್ಳಬೇಕು. ತೊಟ್ಟು ಮುರಿದ ಕಾಯಿ ಬೇಗ ಕೊಳೆಯುತ್ತದೆ, ಅಚ್ಚೊತ್ತಲು ನಕ್ಷತ್ರವೂ ಸಿಗುವುದಿಲ್ಲ.